ಶೆಡ್ಡಿನ ಬಾಗಿಲಿಗೆ ಹಚ್ಚಿದ ಕುಂಕುಮ

ಒಂಟಿಕೊಪ್ಪಲು, ಮೈಸೂರು
2171ನೇ ಇಸವಿ, ಎಂಟನೇ ತಿಂಗಳ ಮೂವತ್ತಮೂರನೇ ತಾರೀಖು

ಡಾಕ್ಟರ್ ಮಹದೇವಪ್ರಸಾದ್ ತಾತನವರಿಗೆ,

ಮೂವತ್ತಮೂರನೇ ತಾರೀಖು ಎಂದು ಓದಿದ ಕೂಡಲೇ ನೀವು ಮೂಗು ಮುರಿಯುತ್ತೀರಿ ಎಂದು ನನಗೆ ಗೊತ್ತು. ನಮಗೀಗ ವರ್ಷಕ್ಕೆ ಹತ್ತೇ ತಿಂಗಳು, ಒಂದೊಂದೂ ಉದ್ದ. ನೀವು ಮಳೆಗಾಲ, ಚಳಿಗಾಲ ಎಂದು ಕರೆಯುತ್ತಿದ್ದವೆಲ್ಲ ಕಲಸಿಹೋದ ಮೇಲೆ ಯಾರೋ ದೊಡ್ಡವರು ಕೂತು ವರ್ಷವನ್ನು ಹೊಸದಾಗಿ ಕತ್ತರಿಸಿದರು. ಹಬ್ಬಗಳು ಮಾತ್ರ ಯಾರ ಮಾತೂ ಕೇಳದೆ ಚಂದ್ರನ ಹಿಂದೆಯೇ ಹೋಗುತ್ತಿವೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನಿಮ್ಮ ವಿಡಿಯೊಗಳನ್ನು ನೋಡಿ ನೋಡಿ ನಿಮ್ಮ ಕಾಲದ ಮಾತನ್ನು ಕಲಿತಿದ್ದೇನೆ, ಅದರಲ್ಲೇ ಬರೆಯುತ್ತಿದ್ದೇನೆ. ನಡುವೆ ನಮ್ಮ ಕಾಲದ ಶಬ್ದ ನುಸುಳಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇಷ್ಟಕ್ಕೇ. ಉಳಿದದ್ದಕ್ಕೆಲ್ಲ ನೀವು ನನ್ನನ್ನು ಕೇಳಬೇಕು.

ನಾನು ನೀಲಾಂಬಿಕೆ. ನನ್ನ ಮುತ್ತಜ್ಜಿಗೆ ನೀವು ತಾತ. ನೀವು ಇದನ್ನು ಓದುವ ಹೊತ್ತಿಗೆ ಆ ಮುತ್ತಜ್ಜಿಯೇ ಇನ್ನೂ ಹುಟ್ಟಿರುವುದಿಲ್ಲ. ಅವಳ ತಾಯಿ, ಅಂದರೆ ನಿಮ್ಮ ಮಗಳು, ಕಾಲೇಜಿಗೆ ಹೋಗುತ್ತಿರುತ್ತಾಳೆ. ನನಗೀಗ ಅರವತ್ತು ದಾಟಿದೆ. ವಯಸ್ಸಿನ ಲೆಕ್ಕದಲ್ಲಿ ನಾನೇ ನಿಮಗಿಂತ ದೊಡ್ಡವಳು, ಸ್ವಲ್ಪ ಜೋರಾಗಿ ಮಾತಾಡಿದರೆ ತಡೆದುಕೊಳ್ಳಿ. ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಮನೆಯ ಲೋಹವನ್ನು ಕುಲುಮೆಗೆ ಒಪ್ಪಿಸಿದವರು, ಆ ವಸ್ತುವನ್ನು ಮಾಡಿದವರಿಗೋ ಮನೆಗೆ ತಂದವರಿಗೋ ನಾಲ್ಕು ಮಾತು ಬರೆದು, ವಸ್ತುವಿನ ಜೊತೆಗೇ ಬೆಂಕಿಗೆ ಹಾಕುವುದು ಪದ್ಧತಿ. ಹೊಗೆಗೆ ಹಿಂದು ಮುಂದು ಇಲ್ಲ, ತೀರಿಕೊಂಡವರಿಗೂ ಅವರು ಬದುಕಿದ್ದ ಕಾಲದಲ್ಲೇ, ಬರೆದವರು ನೆನೆದ ದಿನಕ್ಕೇ ತಲುಪುತ್ತದೆ ಎಂದು ಕುಲುಮೆಯವರು ಹೇಳುತ್ತಾರೆ. ನನಗೇನೂ ಅಂಥ ನಂಬಿಕೆಯಿಲ್ಲ. ಜನ ಸಾಮಾನ್ಯವಾಗಿ, ನಿಮ್ಮ ಕೊಪ್ಪರಿಗೆಯಲ್ಲಿ ಮೂರು ತಲೆಮಾರು ನೀರು ಕಾಯಿಸಿಕೊಂಡೆವು, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂಬಂಥದ್ದೇನಾದರೂ ಬರೆಯುತ್ತಾರೆ. ನನಗೆ ಹಾಗೆ ಬರೆಯಲು ಕೈ ಬರುತ್ತಿಲ್ಲ. ನಿಮ್ಮ ಕಾರು ಹೋಯಿತು ತಾತ. ನೀವು ಬಿಚ್ಚಿ, ಉಜ್ಜಿ, ಜೋಡಿಸಿ, ಹೊಳಪಿಟ್ಟ ಆ ಮಾರಿಸ್ ಮೈನರ್ ಈಗ ಕುಲುಮೆಯ ಅಂಗಳದಲ್ಲಿ ನಿಂತಿದೆ. ಹಬ್ಬ ಮುಗಿಯಲಿ ಎಂದು ಕಾದಿದ್ದರು, ನಾಳೆ ಬೆಂಕಿ ಹಾಕುತ್ತಾರೆ. ಅದನ್ನು ಕಳೆದದ್ದು ನೀವೇ ಎಂದು ಹೇಳುವುದಕ್ಕೆ ಈ ಕಾಗದ.

ನಮ್ಮ ದಿನಗಳು ಹೇಗಿವೆ ಎಂದು ಸ್ವಲ್ಪ ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಬೆಳಗಾಗುವ ಮೊದಲೇ ಸಂತೆ ಮುಗಿಯುತ್ತದೆ. ಬಿಸಿಲೇರಿದ ಮೇಲೆ ಬೀದಿಯವರೆಲ್ಲ ತಂಪುಮನೆಗೆ ಇಳಿಯುತ್ತೇವೆ. ಪ್ರತಿ ಬೀದಿಗೂ ನೆಲದಡಿಯಲ್ಲಿ ಅಂಥದ್ದೊಂದು ತೋಡಿದ್ದಾರೆ, ಅಲ್ಲಿ ಸಂಜೆಯವರೆಗೆ ಚಾಪೆ ಹಾಸಿ ಮಲಗುವುದು, ಅಕ್ಕಪಕ್ಕದವರ ಗೊರಕೆ ಕೇಳುವುದು. ಮುದ್ದೆ ಇನ್ನೂ ಇದೆ, ಪುಣ್ಯ. ಕಾಫಿ ಮಾತ್ರ ಮದುವೆ ಮನೆಯಲ್ಲಿ ಚಮಚದಲ್ಲಿ ಬಡಿಸುವ ವಸ್ತುವಾಗಿದೆ. ಓಡಾಡಲು ಸಾಲುಬಂಡಿ, ಅಂದರೆ ಒಂದೇ ಹಳಿಯ ಮೇಲೆ ಒಂದರ ಹಿಂದೆ ಒಂದು ಹೋಗುವ ಪುಟ್ಟ ಡಬ್ಬಿಗಳು. ಯಾರು ಹತ್ತಿದರೂ ಒಂದೇ ವೇಗ, ಯಾರದ್ದೂ ಸ್ವಂತದ್ದಲ್ಲ. ಸ್ವಂತ ಕಾರು ಎಂದರೆ ನನ್ನ ಮಗಳಿಗೆ ಸ್ವಂತ ರೈಲು ಎಂದಷ್ಟೇ ನಗು. ನೀರು ಬೆಟ್ಟದ ಮೇಲೆ ಹಾಸಿದ ಇಬ್ಬನಿ ಬಲೆಗಳಿಂದ ಬರುತ್ತದೆ, ಅಲ್ಲಿಂದ ಮನೆ ಮನೆಗೆ ಕೊಳವೆ. ಆ ಕೊಳವೆಗೆ, ಪಂಪಿಗೆ ಕಬ್ಬಿಣ ಬೇಕು. ಹೊಸದಾಗಿ ಅದಿರು ತೆಗೆಯುವುದು ನನ್ನ ಅಜ್ಜಿಯ ಕಾಲಕ್ಕೇ ನಿಂತಿತು, ತೆಗೆಯಲು ಗುಡ್ಡಗಳೇ ಉಳಿದಿರಲಿಲ್ಲ. ಆದ್ದರಿಂದ ಲೋಹದ ಸರದಿ ಬಂತು. ಪ್ರತಿ ಮನೆಯೂ ತನ್ನ ಸರದಿ ಬಂದಾಗ ಮನೆಯಲ್ಲಿರುವ ಕಬ್ಬಿಣ, ಹಿತ್ತಾಳೆಯನ್ನು ಊರಿಗೆ ಕೊಡಬೇಕು. ಇದರಲ್ಲಿ ನನ್ನ ತಕರಾರಿಲ್ಲ, ನೀರು ಕುಡಿಯುವವಳು ನಾನೂ ಹೌದಲ್ಲ.

ಆದರೆ ಒಂದು ವಿನಾಯಿತಿ ಇದೆ, ನಮ್ಮ ಕಥೆಯೆಲ್ಲ ನಿಂತದ್ದು ಅದರ ಮೇಲೆ. ಒಂದು ವಸ್ತು ಆ ಮನೆಯ ಜನರೊಡನೆ ಬಾಳಿದ್ದು ಎಂದು ತೋರಿಸಿದರೆ ಅದನ್ನು ಬಿಟ್ಟುಬಿಡುತ್ತಾರೆ. ಅದಕ್ಕೆ ಬಾಳುವಸ್ತು ಎಂದು ಹೆಸರು. ಬೆಲೆ ಎಷ್ಟು, ಎಷ್ಟು ಹಳೆಯದು, ಯಾವ ದೇಶದ್ದು, ಇದ್ಯಾವುದನ್ನೂ ಕೇಳುವುದಿಲ್ಲ. ಗುರುತು ಕೇಳುತ್ತಾರೆ. ಪಕ್ಕದ ಮನೆಯವರ ಈಳಿಗೆಮಣೆ ಉಳಿಯಿತು, ಏಕೆಂದರೆ ಅದರ ಮಣೆ ನಾಲ್ಕು ತಲೆಮಾರಿನ ಹೆಂಗಸರ ಮಂಡಿಯಡಿಯಲ್ಲಿ ತಗ್ಗು ಬಿದ್ದಿತ್ತು. ಎದುರು ಮನೆಯವರ ಸೈಕಲ್ಲು ಉಳಿಯಿತು, ಹ್ಯಾಂಡಲ್ಲಿಗೆ ಯಾರೋ ಸುತ್ತಿದ್ದ ಲಂಗದ ಲಾಡಿ ಹಾಗೇ ಕಪ್ಪಾಗಿ ಅಂಟಿಕೊಂಡಿತ್ತು. ಇದನ್ನೆಲ್ಲ ನೋಡಿ ತೀರ್ಮಾನ ಹೇಳಲು ಬರುವ ಅಧಿಕಾರಿಯನ್ನು ಗುರುತುಗಾರ ಎನ್ನುತ್ತೇವೆ. ಒಬ್ಬ ಗುರುತುಗಾರ ಒಂದು ಮನೆಗೆ ಒಂದೇ ಸಲ ಬರುತ್ತಾನೆ, ಅವನ ಮಾತಿಗೆ ಮೇಲ್ಮನವಿ ಇಲ್ಲ.

ನಿಮ್ಮ ಅಪ್ಪ ಆ ಕಾರನ್ನು ತಂದಾಗ ಅದು ಹೇಗಿತ್ತು, ಆಮೇಲೆ ಹೇಗಾಯಿತು ಎಂಬುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಬಾಯಿಪಾಠ. ನಿಮ್ಮ ಅಪ್ಪ ಗುರುಸಿದ್ದಪ್ಪನವರು ದನದ ಡಾಕ್ಟರು. ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಮಾರಿಸ್ ಮೈನರ್ ಕಾರಿನಲ್ಲಿ ನಂಜನಗೂಡು, ತಿ. ನರಸೀಪುರದ ಹಳ್ಳಿಗಳನ್ನೆಲ್ಲ ಸುತ್ತಿದವರು. ಬೂದು ಬಣ್ಣ ಅವರಿಗೆ ಸೇರಲಿಲ್ಲ, ಸಾವಿನ ಮನೆಗೆ ಹೊರಟ ಹಾಗಿದೆ ಎಂದು ಮನೆಯ ಕಿಟಕಿಗೆ ತಂದು ಮಿಕ್ಕಿದ್ದ ಹಸಿರು ಬಣ್ಣವನ್ನು ಬ್ರಷ್ಷಿನಲ್ಲೇ ಬಳಿದುಬಿಟ್ಟರು. ಅಂದಿನಿಂದ ಅದರ ಹೆಸರು ಗಿಣಿ. ಗಿಣಿಯ ಹಿಂದಿನ ಸೀಟಿನಲ್ಲಿ ಹೆಂಡತಿ ಮಕ್ಕಳು ಎಷ್ಟು ಕೂತಿದ್ದರೋ ಕಾಲು ಮುರಿದ ಕರುಗಳೂ ಅಷ್ಟೇ ಮಲಗಿದ್ದವು. ಒಂದು ಕರು ಸೀಟಿನ ಅಂಚನ್ನು ಅಗಿದು ತಿಂದಿತ್ತು, ಆ ಜಾಗಕ್ಕೆ ನಿಮ್ಮ ಅಮ್ಮ ತನ್ನ ರವಿಕೆ ಬಟ್ಟೆಯ ತೇಪೆ ಹಾಕಿದ್ದರು. ಎಡಗಡೆಯ ಬಾಗಿಲ ಹಿಡಿ ಮುರಿದಾಗ ಮಂಡಿಮೊಹಲ್ಲದ ಲೇತಿನಲ್ಲಿ ಹಿತ್ತಾಳೆಯದೊಂದನ್ನು ಕಡೆಸಿ ಹಾಕಿಸಿದ್ದರು. ಹಾರ್ನು ಯಾವುದೋ ಹಳೇ ಬಸ್ಸಿನದು, ರಬ್ಬರಿನ ಬುರುಡೆ ಒತ್ತಿದರೆ ಬೀದಿಯ ನಾಯಿಗಳೆಲ್ಲ ಉತ್ತರ ಕೊಡುತ್ತಿದ್ದವಂತೆ. ಪ್ರತಿ ಆಯುಧ ಪೂಜೆಗೂ ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ವರ್ಷ ವರ್ಷದ ಕುಂಕುಮ ಬಾನೆಟ್ಟಿನ ಸಂದಿಯಲ್ಲಿ, ಮುಂದಿನ ಜಾಲರಿಯ ಕಂಬಿಗಳಲ್ಲಿ ಗಟ್ಟಿಯಾಗಿ ಕೂತು ಕಲ್ಲಾಗಿತ್ತು.

ಆಮೇಲೆ ಅಪ್ಪ ಹೋದರು, ಗಿಣಿ ಶೆಡ್ಡಿನಲ್ಲಿ ತುಕ್ಕು ಹಿಡಿಯಿತು. ನೀವು ಹಲ್ಲಿನ ಡಾಕ್ಟರಾಗಿ ಹೆಸರು ಮಾಡಿ, ಐವತ್ತು ದಾಟಿದ ಮೇಲೆ ಒಂದು ಹವ್ಯಾಸ ಬೇಕೆಂದು ಶೆಡ್ಡಿನ ಬೀಗ ತೆಗೆದಿರಿ. ಒಳ್ಳೆಯದೇ ಮಾಡಿದಿರಿ, ಯಾರು ಬೇಡ ಎಂದರು? ನಿಮ್ಮ ಕೆಲಸವನ್ನೆಲ್ಲ ವಿಡಿಯೊ ಮಾಡಿ ಊರಿಗೆಲ್ಲ ತೋರಿಸಿದಿರಿ. ಅವುಗಳಲ್ಲಿ ಬಹುಪಾಲು ಇನ್ನೂ ಉಳಿದಿವೆ, ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಬನಿಯನ್ ಹಾಕಿಕೊಂಡು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮಂಡಿಯೂರಿ ಕೂತ ನಿಮ್ಮನ್ನು ನೋಡಿದರೆ ಮೊದಮೊದಲು ನನಗೆ ಪ್ರೀತಿಯೇ ಬರುತ್ತಿತ್ತು. ಎಂಥ ತಾಳ್ಮೆ! ಎಂಜಿನ್ನನ್ನು ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದಿರಿ, ಅಜ್ಜಿ ಸರ್ವಮಂಗಳಮ್ಮ ಅಡುಗೆಮನೆಯ ನೆಲದ ಮೇಲೆ ಎಲೆ ಹಾಕಿ ಬಡಿಸಿದರು. ಕಾರ್ಬುರೇಟರನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಲು ಮನೆಯ ಇಡ್ಲಿ ಪಾತ್ರೆ ತೆಗೆದುಕೊಂಡಿರಿ. ಕ್ಲಿನಿಕ್ಕಿನಿಂದ ಹಲ್ಲಿನ ಪಾಚಿ ಕೆರೆಯುವ ಕೊಕ್ಕೆಯನ್ನು ತಂದು, ಜಾಲರಿಯ ಒಂದೊಂದು ಕಂಬಿಯಿಂದಲೂ ಆ ಕುಂಕುಮವನ್ನು ಕೆರೆದು ತೆಗೆದಿರಿ. ಕ್ಯಾಮರಾ ಕಡೆ ತಿರುಗಿ, ರೋಗಿಯ ಬಾಯಿ ತೋರಿಸುವವರ ಹಾಗೆ, "ನೋಡಿ, ನಲವತ್ತು ವರ್ಷದ ಗಲೀಜು" ಎಂದಿರಿ. ಆ ಮಾತನ್ನು ನಾನು ಮರೆಯಲಾರೆ.

ಅಲ್ಲಿಂದ ನಿಮ್ಮ ಕೈಗೆ ತಡೆಯೇ ಇರಲಿಲ್ಲ. ಟಿಂಕರಿಂಗ್‌ನವನನ್ನು ಕರೆಸಿ ಒಂದು ತಗ್ಗೂ ಉಳಿಯದ ಹಾಗೆ ತಟ್ಟಿಸಿದಿರಿ. ಹಸಿರನ್ನು ಪೂರ್ತಿ ಸುಲಿದು, ಅಡಿಯಲ್ಲಿ ಸಿಕ್ಕ ಬೂದು ಬಣ್ಣದ ಚೂರನ್ನು ಬೆರಳಿನ ಮೇಲಿಟ್ಟುಕೊಂಡು, ಕಳೆದ ಮಗು ಸಿಕ್ಕಿದ ಹಾಗೆ ಕಣ್ಣಲ್ಲಿ ನೀರು ತಂದುಕೊಂಡಿರಿ. ರವಿಕೆ ಬಟ್ಟೆಯ ಸೀಟು ಕಸಕ್ಕೆ ಹೋಯಿತು, ಇಂಗ್ಲೆಂಡಿನಿಂದ ಹೊಸ ಚರ್ಮ ಬಂತು. ಲೇತಿನ ಹಿಡಿ ಹೋಯಿತು, ಇಂಗ್ಲೆಂಡಿನ ಹಿಡಿ ಬಂತು. ಬಸ್ಸಿನ ಹಾರ್ನು ಗುಜರಿಯವನ ತಕ್ಕಡಿಗೆ ಬಿತ್ತು. ಪ್ರತಿ ಸಲವೂ ಒಂದೇ ಮಂತ್ರ ನಿಮ್ಮದು: ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಆಗಬೇಕು. ಅಲ್ಲ ತಾತ, ಒಂದು ಮಾತು ಕೇಳುತ್ತೇನೆ. ಕಾರ್ಖಾನೆಯಿಂದ ಹೊರಬಂದ ದಿನ ಅದರಲ್ಲಿ ನಮ್ಮವರು ಯಾರಿದ್ದರು? ನಿಮ್ಮ ಅಪ್ಪ ಇದ್ದರಾ? ಅಮ್ಮ ಇದ್ದರಾ? ಯಾವುದೋ ಊರಿನ, ಯಾರೋ ಕಾಣದವರ ಆ ಒಂದು ದಿನಕ್ಕಾಗಿ ನಿಮ್ಮ ಅಪ್ಪನ ಅಷ್ಟೂ ವರ್ಷಗಳನ್ನು ಕೆರೆದು ಮೊರಕ್ಕೆ ಹಾಕಿದಿರಲ್ಲ, ನಿಮಗೆ ಒಮ್ಮೆಯೂ ಕೈ ನಡುಗಲಿಲ್ಲವೆ? ವಿಡಿಯೊದಲ್ಲಂತೂ ನಡುಗುವುದು ಕಾಣುವುದಿಲ್ಲ. ಡಾಕ್ಟರ ಕೈ ನೋಡಿ.

ಕೆಲಸ ಮುಗಿದು ಬಂದ ಮೊದಲ ಆಯುಧ ಪೂಜೆಯ ವಿಡಿಯೊ ಇದೆಯಲ್ಲ, ಅದೇ ಕೊನೆಯದು. ಶೆಡ್ಡಿನ ಬಾಗಿಲು ತೆರೆದಿದೆ, ಕಾರು ಕನ್ನಡಿಯ ಹಾಗೆ ಹೊಳೆಯುತ್ತಿದೆ, ನೀವು ಪಂಚೆ ಉಟ್ಟು ಪಕ್ಕದಲ್ಲಿ ನಿಂತು ಏನೋ ವಿವರಿಸುತ್ತಿದ್ದೀರಿ. ಅಷ್ಟರಲ್ಲಿ ಅಜ್ಜಿ ತಟ್ಟೆ ಹಿಡಿದು ಬರುತ್ತಾರೆ. ವಿಭೂತಿ, ಕುಂಕುಮ, ಎರಡು ನಿಂಬೆಹಣ್ಣು. ಬಾನೆಟ್ಟಿನ ಕಡೆಗೆ ಅವರ ಕೈ ಹೋಗುತ್ತದೆ, ಮೂರು ಬೆರಳಿನ ತುಂಬ ವಿಭೂತಿ. ನೀವು ಮಾತು ನಿಲ್ಲಿಸಿ ಅವರ ಮಣಿಕಟ್ಟು ಹಿಡಿದುಕೊಳ್ಳುತ್ತೀರಿ.

"ಬೇಡ ಕಣೇ, ಬೇಡ ಬೇಡ! ಪೇಂಟಿಗೆ ಕಲೆ ಕೂತ್ಕೊಳುತ್ತೆ."

"ಅಯ್ಯೋ, ಹಬ್ಬದ ದಿನ ಒಂದ್ ಬೊಟ್ಟೂ ಇಡಬಾರ್ದೇನ್ರೀ?"

"ಬೇಕಾದ್ರೆ ಬಾಗಿಲಿಗೆ ಹಚ್ಚು. ನಿಂಬೆಹಣ್ಣೂ ಬೇಡ, ಟೈರಿಗೆ ಹುಳಿ ತಾಗುತ್ತೆ."

ಅಜ್ಜಿ ತಿರುಗಿ ಶೆಡ್ಡಿನ ಮರದ ಬಾಗಿಲಿಗೆ ಮೂರು ಗೆರೆ ಎಳೆದು, ನಡುವೆ ಕುಂಕುಮ ಇಟ್ಟು, ನಿಂಬೆಹಣ್ಣನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗುತ್ತಾರೆ. ನೀವು ನಗುತ್ತಾ ಎಂಜಿನ್ನಿನ ಬಗ್ಗೆ ಮುಂದುವರಿಸುತ್ತೀರಿ. ಅಜ್ಜಿ ನಗಲಿಲ್ಲ ತಾತ. ನೀವು ಕ್ಯಾಮರಾ ನೋಡುತ್ತಿದ್ದಿರಿ, ನಾನು ಅಜ್ಜಿಯನ್ನು ನೋಡುತ್ತಿದ್ದೆ.

ಅವತ್ತು ನೀವು ಆಡಿದ್ದು ಒಂದು ಮಾತು, ನಮಗೆ ಅದು ವಂಶದ ಕಟ್ಟಳೆಯಾಯಿತು. ನೀವು ತೀರಿಕೊಂಡ ಮೇಲೆ ನಿಮ್ಮ ಮಗಳು ಅದನ್ನು ಅಪ್ಪನ ನೆನಪು ಎಂದು ಕಾಪಾಡಿದಳು, ಅವಳ ಮಗಳು ಅಮ್ಮನ ನೆನಪು ಎಂದು. ಪೆಟ್ರೋಲ್ ನಿಂತುಹೋಯಿತು, ಕಾರು ಶೆಡ್ಡಿನಿಂದ ಕದಲಲಿಲ್ಲ. ಆದರೂ ವಾರಕ್ಕೊಮ್ಮೆ ಅದರ ಮೇಲಿನ ಹೊದಿಕೆ ತೆಗೆದು, ಒಗೆದು ಮೆತ್ತಗಾದ ಪಂಚೆಯ ತುಂಡಿನಿಂದ ಮೈಯೆಲ್ಲ ಒರೆಸಿ, ಮತ್ತೆ ಹೊದಿಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಬಳೆ ತೆಗೆದಿಟ್ಟು ಒರೆಸಬೇಕು. ಉಸಿರು ತಾಗಬಾರದು. ಒಳಗೆ ಕೂರುವ ಮಾತೇ ಇಲ್ಲ, ಚರ್ಮ ಬಿರುಕು ಬಿಡುತ್ತದೆ. ಮಗುವಾಗಿದ್ದಾಗ ನಾನು ಒಮ್ಮೆ ಕಿಟಕಿಯ ಗಾಜಿಗೆ ಮೂಗು ಒತ್ತಿ ಒಳಗೆ ನೋಡಿದ್ದಕ್ಕೆ ಅಮ್ಮ ಬೆನ್ನಿಗೆ ಗುದ್ದಿದಳು, ಆಮೇಲೆ ಗಾಜಿನ ಮೇಲಿನ ನನ್ನ ಮೂಗಿನ ಗುರುತನ್ನು ಒರೆಸಿ ತೆಗೆದಳು. ಅದೇ ಅಮ್ಮ ಹಾಸಿಗೆ ಹಿಡಿದಾಗ, ಮಾತು ತೊದಲುತ್ತಿದ್ದಾಗ, ನನ್ನ ಕೈ ಹಿಡಿದು, "ಕಾರಿಗೆ ಗೀರು ಬೀಳದ ಹಾಗೆ ನೋಡ್ಕೊಳೇ ನೀಲಾ" ಎಂದಳು. ನನ್ನ ಹೊಟ್ಟೆಗಿಂತ, ಸಂಸಾರಕ್ಕಿಂತ ಅವಳಿಗೆ ಅದೇ ಚಿಂತೆ. ಅವಳ ಆಯುಸ್ಸಿನ ವಾರಗಳೆಲ್ಲ ಆ ಬೂದು ತಗಡಿನ ಮೇಲೆ ಕಳೆದಿದ್ದವು. ಅದಕ್ಕೇ ನಾನು ಆ ಕಾರನ್ನು ಉಳಿಸಿಕೊಳ್ಳಬೇಕೆಂದು ಹಟ ಹಿಡಿದದ್ದು. ಅದು ಕರಗಿಹೋದರೆ ಅಮ್ಮ ಸುಮ್ಮನೆ ಬದುಕಿದ ಹಾಗಾಗುತ್ತದಲ್ಲ. ನನ್ನ ಮಗಳು ಗೊರವಂಕ (ನಮ್ಮಲ್ಲಿ ಕಾಣದೆ ಹೋದ ಹಕ್ಕಿಗಳ ಹೆಸರನ್ನು ಮಕ್ಕಳಿಗೆ ಇಡುವುದು ರೂಢಿ) ಮೊದಲಿನಿಂದಲೂ ಆ ಬಟ್ಟೆ ಮುಟ್ಟಿದವಳಲ್ಲ. "ಹೋಗ್ಲಿ ಬಿಡಮ್ಮ, ಒರೆಸಿ ಒರೆಸಿ ನಿನ್ ಸೊಂಟ ಬಿದ್ದೋಯ್ತು. ಪೀಡೆ ಕಳೀತು ಅಂದ್ಕೊ" ಎನ್ನುತ್ತಿದ್ದಳು. ನಾನು ಅವಳ ಜೊತೆ ಮಾತು ಬಿಟ್ಟಿದ್ದೆ.

ಸರದಿ ನಮ್ಮ ಬೀದಿಗೆ ಬಂತು, ಗುರುತುಗಾರ ಮಾದೇಶ ಬಂದ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು, ನೆಗಡಿಯಾಗಿ ಮೂಗು ಸೊರಗುಟ್ಟುತ್ತಿತ್ತು. ಹೊದಿಕೆ ತೆಗೆದಾಗ ಅವನೂ ಅಬ್ಬಾ ಎಂದ. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಅವನು ಕೆಲಸಕ್ಕೆ ಇಳಿದ. ಬಾನೆಟ್ಟಿನ ಮೇಲೆ ಬೆರಳಾಡಿಸಿದ, ಬಾಗಿಲ ಅಂಚು, ಸೀಟು, ಪೆಡಲು, ಸ್ಟೀರಿಂಗ್ ಚಕ್ರ ಎಲ್ಲವನ್ನೂ ದೀಪ ಹಿಡಿದು ನೋಡಿದ. ಮಕ್ಕಳು ಹೆಸರು ಗೀಚಿದ್ದಿಲ್ಲವೆ ಎಂದು ಕೇಳಿದ. ಇಲ್ಲ ಎಂದೆ, ಹೆಮ್ಮೆಯಿಂದಲೇ ಹೇಳಿದೆ. ಯಾರಾದರೂ ಇದರಲ್ಲಿ ಕೂತದ್ದು ನೆನಪಿದೆಯೆ ಎಂದ. ಯಾರೂ ಕೂತಿಲ್ಲ ಎಂದೆ. ಅವನ ಮುಖ ನೋಡಿ ನನಗೆ ಗಾಬರಿಯಾಯಿತು. ಕಾರು ನಮ್ಮದೇ, ನಮ್ಮ ತಾತ ಕೈಯಾರೆ ರಿಪೇರಿ ಮಾಡಿದ್ದು, ನೋಡಿ ಬೇಕಾದರೆ ಎಂದು ನಿಮ್ಮ ವಿಡಿಯೊಗಳನ್ನು ಹಾಕಿದೆ. ಅದೇ ನನ್ನ ಬ್ರಹ್ಮಾಸ್ತ್ರ ಎಂದುಕೊಂಡಿದ್ದೆ, ನನ್ನ ತಲೆ! ಅವನು ಒಂದೊಂದನ್ನೂ ನೋಡಿದ. ಕುಂಕುಮ ಕೆರೆಯುವುದನ್ನು, ಹಸಿರು ಸುಲಿಯುವುದನ್ನು, ಕರು ಕಚ್ಚಿದ ಸೀಟು ಕಸಕ್ಕೆ ಹೋಗುವುದನ್ನು. ಗಿಣಿ ಗಿಣಿ ಎಂದು ನಾನು ಹೇಳುತ್ತಿದ್ದ ಕಾರನ್ನು ನೀವೇ ಕಾಯಿಗಿಂತ ಸಣ್ಣಗೆ ತುರಿದು ಎಸೆಯುವುದನ್ನು ಅವನು ಕಣ್ಣಾರೆ ಕಂಡ. ಅವನು ಹುಡುಕುತ್ತಿದ್ದದ್ದೆಲ್ಲ ಅದರ ಮೇಲೆ ಇತ್ತು, ನಿಮ್ಮ ಕೈ ಬೀಳುವ ತನಕ ಇತ್ತು.

ಕೊನೆಯ ವಿಡಿಯೊದಲ್ಲಿ ಅಜ್ಜಿ ತಿರುಗಿ ಬಾಗಿಲಿಗೆ ಕುಂಕುಮ ಇಡುವಲ್ಲಿ ಅವನು ನಿಲ್ಲಿಸು ಎಂದ. ಎದ್ದು ಹೋಗಿ ಶೆಡ್ಡಿನ ಬಾಗಿಲ ಮುಂದೆ ನಿಂತ. ಅಜ್ಜಿ ಅವತ್ತು ಹಚ್ಚಿದ ಮೇಲೆ ಮಗಳು ಹಚ್ಚಿದಳು, ಮೊಮ್ಮಗಳು ಹಚ್ಚಿದಳು, ನನ್ನ ಅಜ್ಜಿ, ನನ್ನ ಅಮ್ಮ, ನಾನು, ಎಲ್ಲರೂ ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ಹಚ್ಚಿಕೊಂಡೇ ಬಂದಿದ್ದೇವೆ. ಕಾರಿಗೆ ಪೂಜೆ ಮಾಡುವುದು ಎಂದರೆ ಬಾಗಿಲಿಗೆ ಕುಂಕುಮ ಇಡುವುದು ಎಂದೇ ನಮಗೆ ಗೊತ್ತಿದ್ದದ್ದು. ಮರದ ಮೇಲೆ ಕುಂಕುಮ ತೊಗಟೆಯ ಹಾಗೆ ದಪ್ಪಗೆ ಎದ್ದಿತ್ತು. ಒಬ್ಬೊಬ್ಬರ ಬೆರಳಿನ ಅಗಲವೂ ಅದರ ಅಂಚಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತಿತ್ತು. ಮಾದೇಶ ಚಪ್ಪಲಿ ಕಳಚಿ, ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಬಂದು ಮೂಗು ಒರೆಸಿಕೊಂಡು ಹೇಳಿದ:

"ಅಮ್ಮಾವ್ರೆ, ಈ ಕಾರು ನಿಮ್ ಮನೇಲಿ ಇತ್ತು, ಒಪ್ಕೊತೀನಿ. ಆದ್ರೆ ಬಾಳಿಲ್ಲ. ಬಾಗಿಲು ಬಾಳಿದೆ. ಬಾಗಿಲನ್ನ ಇಟ್ಕೊಳಿ."

ನಾನು ಅತ್ತೆ, ಬೈದೆ, ಮರದ ಬಾಗಿಲಿನಲ್ಲಿ ಎಲ್ಲಿಯ ಲೋಹವಪ್ಪಾ, ಅದನ್ನು ಉಳಿಸಿ ಏನು ಉಪಕಾರ ಮಾಡಿದೆ ಎಂದು ಕೂಗಾಡಿದೆ. ಚಿಲಕ, ತಿರುಗಣೆ ಕಬ್ಬಿಣದವೇ ಅಲ್ಲವೆ ಎಂದು ಅವನು ಸಮಾಧಾನವಾಗಿ ಹೇಳಿ ಹೊರಟುಹೋದ.

ಕೊಂಡೊಯ್ಯಲು ಬಂದ ದಿನದ ಮಾತು ಹೇಳುತ್ತೇನೆ, ಅದಕ್ಕಾಗಿಯೇ ಇಷ್ಟು ಬರೆದದ್ದು. ನಾಲ್ಕು ಜನ ಬಂದು ಕಾರನ್ನು ಅಂಗಳಕ್ಕೆ ತಳ್ಳಿದರು. ಬಿಸಿಲಿಗೆ ಬಂದದ್ದೇ ಅದು ಎಷ್ಟೋ ತಲೆಮಾರಿಗೆ. ನನಗೆ ಏನನ್ನಿಸಿತೋ, ಹೇಗೂ ಹೋಗುತ್ತಿದೆ, ಇನ್ನು ಯಾರ ಭಯ, ಒಂದು ಸಲವಾದರೂ ಇದರ ಹಣೆಗೆ ಕುಂಕುಮ ಇಟ್ಟು ಕಳಿಸೋಣ ಎಂದು ಒಳಗೆ ಓಡಿ ತಟ್ಟೆ ತಂದೆ. ತಳ್ಳುವವರು ಪಾಪ, ನಿಂತು ಕಾದರು. ಒಬ್ಬ ತಲೆಯ ಮೇಲಿನ ಟವಲನ್ನೂ ತೆಗೆದ. ನಾನು ಮೂರು ಬೆರಳಿನಲ್ಲಿ ವಿಭೂತಿ ತೆಗೆದುಕೊಂಡು ಕೈ ಎತ್ತಿದೆ. ಬಾನೆಟ್ಟಿಗೆ ಇನ್ನೊಂದು ಗೇಣು ಇದೆ ಎನ್ನುವಾಗ ಕೈ ನಿಂತುಬಿಟ್ಟಿತು. ತಳ್ಳಿದರೂ ಹೋಗಲಿಲ್ಲ ತಾತ. ಆ ಹೊಳೆಯುವ ಬೂದಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಅಮ್ಮನ ಗುದ್ದು ಬೆನ್ನಿನ ಮೇಲೆ ಬಿದ್ದ ಹಾಗಾಯಿತು, ಕಲೆ ಕೂತುಕೊಳ್ಳುತ್ತದೆ, ಕಲೆ ಕೂತುಕೊಳ್ಳುತ್ತದೆ ಎಂದು ಕಿವಿಯಲ್ಲಿ ನಿಮ್ಮದೇ ಧ್ವನಿ. ಮಾರನೇ ದಿನವೋ ಮುಂದಿನ ವಾರವೋ ಕರಗಿ ನೀರಾಗುವ ತಗಡಿಗೆ ಕಲೆಯಾಗುತ್ತದೆಂದು ನನ್ನ ಕೈ ಹೆದರಿತು. ನಾಚಿಕೆಯಲ್ಲಿ ಸತ್ತುಹೋಗೋಣ ಅನ್ನಿಸಿತು. ಬೆರಳಿನ ವಿಭೂತಿಯನ್ನು ನನ್ನ ಸೀರೆಗೇ ಒರೆಸಿಕೊಂಡು ಹಿಂದೆ ಸರಿದೆ, ಅವರು ತಳ್ಳಿಕೊಂಡು ಹೋದರು. ಬಾನೆಟ್ಟಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ನೀವು ನೋಡಿದ್ದರೆ ಖುಷಿಪಡುತ್ತಿದ್ದಿರಿ.

ಇನ್ನೂ ಮುಗಿಯಲಿಲ್ಲ ನಮ್ಮ ಕರ್ಮ. ಮೊನ್ನೆ ಆಯುಧ ಪೂಜೆ. ನಮ್ಮ ಕಾಲದ ಹಬ್ಬವೂ ನಿಮ್ಮ ಹಾಗೆಯೇ, ಕುಲುಮೆಯವರು ಕುಲುಮೆ ಆರಿಸಿ ಅದಕ್ಕೇ ಹೂ ಹಾಕುತ್ತಾರೆ, ಸಾಲುಬಂಡಿಯ ಪ್ರತಿ ಡಬ್ಬಿಗೂ ಬಾಳೆಕಂದು ಕಟ್ಟುತ್ತಾರೆ. ನಾನು ಎಂದಿನಂತೆ ತಟ್ಟೆ ಹಿಡಿದು ಶೆಡ್ಡಿಗೆ ಹೋದೆ. ಒಳಗೆ ಕಾರಿಲ್ಲ, ಕಾರು ನಿಂತಿದ್ದ ಜಾಗದ ನೆಲ ಮಾತ್ರ ಸುತ್ತಲಿನದಕ್ಕಿಂತ ಬೆಳ್ಳಗಿದೆ. ಬಾಗಿಲಿಗೆ ಹಚ್ಚಲು ಕೈ ಎತ್ತಿದರೆ ಅಲ್ಲೊಂದು ಹಲಗೆ ತಗುಲಿಹಾಕಿದ್ದಾರೆ. ಬಾಳುವಸ್ತು, ಕಾಯ್ದಿಟ್ಟಿದೆ, ಇನ್ನು ಮುಂದೆ ಇದರ ಮೇಲೆ ಏನನ್ನೂ ಹಚ್ಚುವಂತಿಲ್ಲ. ನಿಮ್ಮ ಮಾತೇ! ಅಕ್ಷರ ಮಾತ್ರ ಸರ್ಕಾರದ್ದು. ನೀವು ಕಾರಿಗೆ ಬೇಡ ಎಂದಿರಿ, ನಾವು ಬಾಗಿಲಿಗೆ ಬಂದೆವು, ಈಗ ಬಾಗಿಲನ್ನೂ ಕಸಿದುಕೊಂಡರು. ನಾನು ತಟ್ಟೆ ಹಿಡಿದು ನಿಂತೇ ಇದ್ದೆ, ಎಲ್ಲಿ ಇಡಲಿ ಎಂದು ಗೊತ್ತಾಗದೆ. ನಾನು ಮಾತು ಬಿಟ್ಟಿದ್ದ ಗೊರವಂಕ ಹಿಂದಿನಿಂದ ಬಂದು ಹಲಗೆ ಓದಿ, ಜೋರಾಗಿ ನಕ್ಕು, ಮುಖ ಮುಂದೆ ಚಾಚಿದಳು. "ನನ್ ಹಣೆಗೇ ಇಡಮ್ಮ. ನನ್ನನ್ನ ಯಾರೂ ಬಂದು ಕಾಯ್ದಿಡಲ್ಲ" ಎಂದಳು. ಇಟ್ಟೆ. ಸಂಜೆಯೊಳಗೆ ಬೆವರಿಗೆ ಕರಗಿ ಮೂಗಿನ ಮೇಲೆಲ್ಲ ಇಳಿದಿತ್ತು, ಅವಳು ಒರೆಸಿಕೊಳ್ಳಲಿಲ್ಲ.

ಈ ಹಿಂದೋಲೆಯನ್ನು ನಾಳೆ ಕಾರಿನಲ್ಲಿ, ಸ್ಟೀರಿಂಗ್ ಮುಂದಿನ ಸೀಟಿನ ಮೇಲೆ ಇಡುತ್ತೇನೆ. ನಮ್ಮಲ್ಲಿ ಯಾರೂ ಕೂರದ ಸೀಟು, ಕಾಗದವಾದರೂ ಕೂರಲಿ. ಯಾವ ದಿನಕ್ಕೆ ಇದು ನಿಮ್ಮ ಕೈ ಸೇರಬೇಕು ಎಂದು ಬಹಳ ಯೋಚಿಸಿದೆ. ಹಲ್ಲಿನ ಕೊಕ್ಕೆ ಹಿಡಿಯುವ ಮೊದಲು ಎಂದರೆ ನೀವು ಕೇಳುವವರಲ್ಲ. ಹವ್ಯಾಸ ಹತ್ತಿದವರಿಗೆ ಬುದ್ಧಿ ಹೇಳಿ ಗೆದ್ದವರುಂಟೆ? ಕೆರೆಯಿರಿ, ಸುಲಿಯಿರಿ, ಇಂಗ್ಲೆಂಡಿನಿಂದ ಏನು ಬೇಕೋ ತರಿಸಿ. ನಿಮ್ಮ ಸಂತೋಷ ನಿಮ್ಮದು. ಆ ಒಂದು ಬೆಳಗಿಗೆ ಇದು ತಲುಪಲಿ, ಅಷ್ಟೇ ಸಾಕು. ಕ್ಯಾಮರಾ ಸಿದ್ಧವಾಗಿದೆ, ಕಾರು ಹೊಳೆಯುತ್ತಿದೆ, ಅಜ್ಜಿ ಅಡುಗೆಮನೆಯಿಂದ ತಟ್ಟೆ ಹಿಡಿದು ಹೊರಟಿದ್ದಾರೆ, ಮೂರು ಬೆರಳಿನ ತುಂಬ ವಿಭೂತಿ ಇದೆ. ಅವರು ಬರುತ್ತಾರೆ, ನಿಮ್ಮ ಪಕ್ಕದಲ್ಲಿ ನಿಂತು ಕೈ ಎತ್ತುತ್ತಾರೆ.

ಅವರ ಕೈ ಹಿಡಿಯಬೇಡಿ ತಾತ. ನಾನು ಇಲ್ಲಿ ಇನ್ನೂ ಬಿಡಿಸಿಕೊಳ್ಳಲಾಗದೆ ನಿಂತಿದ್ದೇನೆ.

ಇಂತಿ,
ನಿಮ್ಮ ಮೊಮ್ಮಗಳ ಮರಿಮಗಳು
ನೀಲಾಂಬಿಕೆ